ಪಿಎಸ್‌ಎ ಜಾಸ್ತಿ ಬಂತಾ? ಪ್ರಾಸ್ಟೇಟ್‌ಗೆ ಸೂಜಿ ಹಾಕೋಕೆ ಮುಂಚೆ ಎಂಆರ್‌ಐ ಯಾಕೆ ಬೇಕು, ಇಲ್ಲಿದೆ ಮಾಹಿತಿ

ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗೋದು. ಹೋದರೂ ಮೂತ್ರ ಸಲೀಸಾಗಿ ಬಾರದೆ ತೊಟ್ಟಿಕ್ಕೋದು. 60 ದಾಟಿದ ಗಂಡಸರು ಇರೋ ಮನೆಗಳಲ್ಲಿ ಇದು ಹೊಸ ವಿಷಯ ಅಲ್ಲ. ಹೆಚ್ಚಿನವರು 'ವಯಸ್ಸಾಯ್ತು, ಅಷ್ಟೇ' ಅಂತ ಸುಮ್ಮನಾಗ್ತಾರೆ. ಕೊನೆಗೆ ಮನೆಯವರ ಒತ್ತಾಯಕ್ಕೆ ಡಾಕ್ಟರ್ ಹತ್ತಿರ ಹೋದಾಗ ಒಂದು ರಕ್ತಪರೀಕ್ಷೆ ಬರೆದುಕೊಡ್ತಾರೆ. ಅದರ ಹೆಸರು ಪಿಎಸ್‌ಎ. ರಿಪೋರ್ಟ್‌ನಲ್ಲಿ ಅಂಕಿ 4ಕ್ಕಿಂತ ಜಾಸ್ತಿ ಬಂದರೆ ಅಲ್ಲಿಂದ ಶುರು ಗಾಬರಿ.

ಒಬ್ಬರು 'ತಕ್ಷಣ ಬಯಾಪ್ಸಿ ಮಾಡಿಸಿ' ಅಂತಾರೆ. ಇನ್ನೊಬ್ಬರು 'ಮೊದಲು ಎಂಆರ್‌ಐ ಆಗಲಿ' ಅಂತಾರೆ. ಅಂಗಡಿ ಕಟ್ಟೆ ಮೇಲೆ ಕೂತ ಮೂರನೆಯವರು 'ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲಾ ಹರಡುತ್ತೆ, ಹೋಗಲೇಬೇಡಿ ಅಣ್ಣ' ಅಂತ ಹೆದರಿಸ್ತಾರೆ. ಮೂವರ ಮಾತು ಕೇಳಿ ತಲೆ ಕೆಟ್ಟು, ರಿಪೋರ್ಟನ್ನ ಬೀರುವಿನಲ್ಲಿ ಇಟ್ಟು ಆರು ತಿಂಗಳು ಸುಮ್ಮನೆ ಇದ್ದುಬಿಡೋರೂ ಇದ್ದಾರೆ. ಈ ಮೂರು ಮಾತಲ್ಲಿ ಯಾವುದು ಸರಿ, ಯಾವುದು ಮೊದಲು ಅನ್ನೋದನ್ನ ಬಿಡಿಸಿ ಹೇಳೋ ಪ್ರಯತ್ನ ಇದು.

ಪ್ರಾಸ್ಟೇಟ್ ಅಂದರೆ ಏನು?

ಗಂಡಸರಲ್ಲಿ ಮಾತ್ರ ಇರೋ ಗ್ರಂಥಿ ಇದು. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕೂತಿರುತ್ತೆ. ಮೂತ್ರ ಹೊರಗೆ ಬರೋ ನಾಳ ಇದರ ನಡುವೆಯೇ ಹಾದುಹೋಗುತ್ತೆ. ವೀರ್ಯದ ದ್ರವದ ಒಂದು ಭಾಗ ಇಲ್ಲೇ ತಯಾರಾಗೋದು. ಯೌವನದಲ್ಲಿ ಸುಮಾರು 20ರಿಂದ 25 ಗ್ರಾಂ ತೂಕ. ವಯಸ್ಸಾದಂತೆ ಹಿಗ್ಗುತ್ತಾ ಹೋಗುತ್ತೆ. ನಡುವಿನ ನಾಳವನ್ನ ಹಿಸುಕಿದಾಗ ಮೂತ್ರದ ತೊಂದರೆ ಶುರುವಾಗುತ್ತೆ. ಈ ಹಿಗ್ಗುವಿಕೆ ಕ್ಯಾನ್ಸರ್ ಅಲ್ಲ. 60 ದಾಟಿದ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಇದು ಇರುತ್ತೆ.

ಕ್ಯಾನ್ಸರ್ ಹೆಚ್ಚಾಗಿ ಹುಟ್ಟೋದು ಗ್ರಂಥಿಯ ಹೊರಪದರದಲ್ಲಿ. ಹತ್ತರಲ್ಲಿ ಏಳು ಪಾಲು ಅಲ್ಲೇ. ಅದು ಮೂತ್ರನಾಳದಿಂದ ದೂರ ಇರೋದರಿಂದ ಶುರುವಿನಲ್ಲಿ ಯಾವ ತೊಂದರೆಯೂ ಗೊತ್ತಾಗಲ್ಲ. ಸೊಂಟ ನೋವು, ಬೆನ್ನು ಮೂಳೆ ನೋವು ಅಂತ ಹೋಗಿ, ಆಮೇಲೆ ಇದು ಪ್ರಾಸ್ಟೇಟ್‌ನಿಂದ ಹರಡಿದ್ದು ಅಂತ ಗೊತ್ತಾಗೋ ಪ್ರಕರಣಗಳು ನಮ್ಮ ಕಡೆ ಕಡಿಮೆ ಇಲ್ಲ.

ಅಂಕಿ ಏರಿದರೆ ಕ್ಯಾನ್ಸರ್ ಅಂತಲ್ಲ

ಪಿಎಸ್‌ಎ ಅನ್ನೋದು ಪ್ರಾಸ್ಟೇಟ್ ತಯಾರಿಸೋ ಒಂದು ಪ್ರೋಟೀನ್. ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೇರುತ್ತೆ. ಕ್ಯಾನ್ಸರ್ ಇದ್ದಾಗ ಜಾಸ್ತಿ ಸೇರುತ್ತೆ, ನಿಜ. ಆದರೆ ಗ್ರಂಥಿ ಸುಮ್ಮನೆ ಹಿಗ್ಗಿದ್ದರೂ, ಮೂತ್ರದ ಸೋಂಕು ಇದ್ದರೂ, ಪ್ರಾಸ್ಟೇಟ್‌ಗೆ ಉರಿಯೂತ ಬಂದಿದ್ದರೂ, ಇತ್ತೀಚೆಗೆ ಮೂತ್ರದ ಪೈಪ್ ಹಾಕಿದ್ದರೂ ಅಂಕಿ ಏರುತ್ತೆ. ಅದಕ್ಕೇ ಸೋಂಕು ವಾಸಿಯಾಗಿ ಕೆಲವು ವಾರ ಬಿಟ್ಟು ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಅಂತ ಡಾಕ್ಟರ್ ಹೇಳೋದು.

ಇದಕ್ಕೆ ಉಲ್ಟಾ ಇನ್ನೊಂದು ಮೋಸವೂ ಇದೆ. ಪ್ರಾಸ್ಟೇಟ್ ಕುಗ್ಗಿಸೋಕೆ ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಅನ್ನೋ ಮಾತ್ರೆ ಕೊಡ್ತಾರೆ. ಟ್ಯಾಮ್ಸುಲೋಸಿನ್ ಜೊತೆ ಸೇರಿಸಿ ಒಂದೇ ಕ್ಯಾಪ್ಸೂಲ್ ಆಗಿಯೂ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ. ಇದನ್ನ ಆರು ತಿಂಗಳು ನುಂಗಿದರೆ ಪಿಎಸ್‌ಎ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತೆ. ಅಂದರೆ ರಿಪೋರ್ಟ್‌ನಲ್ಲಿ 3 ಅಂತ ಬಂದಿದ್ದು ನಿಜವಾಗಿ 6 ಇರಬಹುದು. ಮಾತ್ರೆ ವಿಷಯ ಡಾಕ್ಟರ್‌ಗೆ ಹೇಳದೆ ಬರೀ ರಿಪೋರ್ಟ್ ತೋರಿಸಿದರೆ ಅವರಿಗೂ ಲೆಕ್ಕ ತಪ್ಪುತ್ತೆ.

ಹಳೇ ಪದ್ಧತಿ: ಕಾಣದೆ ಚುಚ್ಚೋದು

ಎಪಿಎಂಸಿಯಲ್ಲಿ ವ್ಯಾಪಾರ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ. ಚೀಲ ಬಿಚ್ಚದೆ, ಚೂಪು ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡ್ತಾರಲ್ಲ, ಬಯಾಪ್ಸಿಯೂ ಹೆಚ್ಚುಕಡಿಮೆ ಹಾಗೇ. ಸೂಜಿ ಚುಚ್ಚಿ ದಾರದಂಥ ಸಣ್ಣ ತುಣುಕು ತೆಗೆದು, ಪೆಥಾಲಜಿಸ್ಟ್ ಅದನ್ನ ಮೈಕ್ರೋಸ್ಕೋಪ್ ಕೆಳಗೆ ನೋಡ್ತಾರೆ.

ಸಮಸ್ಯೆ ಇರೋದು ಎಲ್ಲಿ ಚುಚ್ಚಬೇಕು ಅನ್ನೋದರಲ್ಲಿ. ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಕಡ್ಡಿ ಇಟ್ಟು ನೋಡಿದರೆ ಗ್ರಂಥಿಯ ಆಕಾರ ಕಾಣುತ್ತೆ. ಒಳಗಿನ ಕ್ಯಾನ್ಸರ್ ಗಂಟು ಬಹಳ ಸಲ ಕಾಣೋದೇ ಇಲ್ಲ. ಹಾಗಾಗಿ ಗ್ರಂಥಿಯನ್ನ ಭಾಗಗಳಾಗಿ ಲೆಕ್ಕ ಹಾಕಿ, ಒಂದೊಂದು ಭಾಗದಿಂದ ತೆಗೆಯುತ್ತಾ ಒಟ್ಟು 10-12 ತುಣುಕು ತೆಗೆಯೋದು ರೂಢಿ. 1989ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವೈದ್ಯರು ಆರು ಕಡೆ ಚುಚ್ಚೋ ಕ್ರಮ ಹೇಳಿದರು. ಆಮೇಲೆ ಅದೇ 12ಕ್ಕೆ ಏರಿತು.

ಚೀಲದ ಒಂದು ಮೂಲೆಯಲ್ಲಿ ಮಾತ್ರ ಕಾಳು ಹಾಳಾಗಿದ್ದು, 12 ಕಡೆ ಚುಚ್ಚಿದರೂ ಆ ಮೂಲೆಗೆ ಕೊಳವೆ ತಾಗದೇ ಇದ್ದರೆ? 'ಮಾಲು ಚೆನ್ನಾಗಿದೆ' ಅಂತ ಲಾರಿಗೆ ಏರಿಸ್ತಾರೆ. ಪ್ರಾಸ್ಟೇಟ್‌ನಲ್ಲೂ ಹೀಗೇ ಆಗ್ತಿತ್ತು. ಅದರಲ್ಲೂ ಗ್ರಂಥಿಯ ಮುಂಭಾಗದಲ್ಲಿರೋ ಗಂಟು ಹಿಂದಿನಿಂದ ಹೋಗೋ ಸೂಜಿಗೆ ಸಿಗೋದು ಕಷ್ಟ. ಬಯಾಪ್ಸಿ ನೆಗೆಟಿವ್ ಬಂತು, ಪಿಎಸ್‌ಎ ಮಾತ್ರ ಏರ್ತಾನೇ ಇದೆ ಅಂತ ಎರಡು, ಮೂರು ಸಲ ಸೂಜಿ ಹಾಕಿಸಿಕೊಂಡವರು ಇದ್ದಾರೆ.

ಎಂಆರ್‌ಐ ಏನು ತೋರಿಸುತ್ತೆ?

ಎಂಆರ್‌ಐ ಯಂತ್ರ ಅಂದರೆ ದೊಡ್ಡ ಅಯಸ್ಕಾಂತ. ಎಕ್ಸ್‌ರೇ, ಸಿಟಿ ಸ್ಕ್ಯಾನ್ ಥರ ಇದರಲ್ಲಿ ವಿಕಿರಣ ಇಲ್ಲ. ದೇಹದಲ್ಲಿರೋ ನೀರಿನ ಸಂಕೇತ ಹಿಡಿದು ಚಿತ್ರ ಮಾಡುತ್ತೆ. ಪ್ರಾಸ್ಟೇಟ್‌ಗೆ ಮೂರು ಬಗೆಯ ಚಿತ್ರ ತೆಗೀತಾರೆ.

ಮೊದಲನೆಯದು ಗ್ರಂಥಿಯ ರಚನೆ ತೋರಿಸೋ ಚಿತ್ರ. ಎರಡನೆಯದು ನೀರಿನ ಓಡಾಟದ ಚಿತ್ರ. ಸಂತೆ ಇಲ್ಲದ ದಿನ ಸಂತೆ ಮೈದಾನದಲ್ಲಿ ಯಾರು ಬೇಕಾದರೂ ಆರಾಮಾಗಿ ಅಡ್ಡಾಡಬಹುದು. ಸಂತೆ ದಿನ ಅದೇ ಜಾಗದಲ್ಲಿ ಕಾಲಿಡೋಕೂ ಆಗಲ್ಲ. ಕ್ಯಾನ್ಸರ್ ಗಂಟಿನಲ್ಲಿ ಜೀವಕೋಶಗಳು ಹೀಗೇ ಒತ್ತೊತ್ತಾಗಿ ತುಂಬಿರುತ್ತವೆ, ನೀರಿನ ಕಣ ಅಲ್ಲಿ ಸಲೀಸಾಗಿ ಓಡಾಡಲ್ಲ. ಆ ಜಾಗ ಚಿತ್ರದಲ್ಲಿ ಬೇರೆಯಾಗಿ ಎದ್ದು ಕಾಣುತ್ತೆ. ಮೂರನೆಯದು ಕೈಯ ನರಕ್ಕೆ ಬಣ್ಣದ ಔಷಧಿ ಕೊಟ್ಟು, ರಕ್ತ ಎಲ್ಲಿ ಬೇಗ ನುಗ್ಗುತ್ತೆ ಅಂತ ನೋಡೋ ಚಿತ್ರ. ಮೂರೂ ಸೇರಿದ್ದಕ್ಕೆ ಮಲ್ಟಿಪ್ಯಾರಾಮೆಟ್ರಿಕ್ ಎಂಆರ್‌ಐ ಅಂತಾರೆ. ಅರ್ಧ ಗಂಟೆಯಿಂದ 40 ನಿಮಿಷ ಹಿಡಿಯುತ್ತೆ.

ಬ್ರಿಟನ್‌ನಲ್ಲಿ ಬಿದ್ದ ಲೆಕ್ಕ

ಈ ಪದ್ಧತಿ ಬದಲಾಗೋಕೆ ಮುಖ್ಯ ಕಾರಣ ಬ್ರಿಟನ್‌ನಲ್ಲಿ ನಡೆದ ಪ್ರಾಮಿಸ್ ಅನ್ನೋ ಅಧ್ಯಯನ. ಇದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 576 ಗಂಡಸರಿಗೆ ಮೊದಲು ಎಂಆರ್‌ಐ ಮಾಡಿದರು. ಆಮೇಲೆ ಮಾಮೂಲಿ ಬಯಾಪ್ಸಿ, ಜೊತೆಗೆ ಇಡೀ ಗ್ರಂಥಿಯನ್ನ 5 ಮಿಲಿಮೀಟರ್‌ಗೊಂದರಂತೆ ಚುಚ್ಚಿ ನೋಡೋ ಬಯಾಪ್ಸಿ. ಎಲ್ಲಿ ಏನಿದೆ ಅನ್ನೋ ಖಚಿತ ಉತ್ತರಕ್ಕಾಗಿ ಅಷ್ಟು ಮಾಡಿದ್ದು.

ಚಿಕಿತ್ಸೆ ಬೇಕಾದಂಥ ಕ್ಯಾನ್ಸರ್ ಇದ್ದವರ ಪೈಕಿ ಮಾಮೂಲಿ ಬಯಾಪ್ಸಿ ಹಿಡಿದಿದ್ದು ಶೇ 48 ಮಾತ್ರ. ಅಂದರೆ ಅರ್ಧಕ್ಕಿಂತ ಹೆಚ್ಚು ಜನರದ್ದು ತಪ್ಪಿಹೋಗಿತ್ತು. ಎಂಆರ್‌ಐ ಶೇ 93 ಜನರಲ್ಲಿ ಅನುಮಾನ ಹಿಡಿದಿತ್ತು.

ಮುಂದಿನ ವರ್ಷ, 2018ರಲ್ಲಿ, ಪ್ರಿಸಿಷನ್ ಅನ್ನೋ ಇನ್ನೊಂದು ಅಧ್ಯಯನ ಬಂತು. 11 ದೇಶಗಳ 500 ಗಂಡಸರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನೇರವಾಗಿ ಹಳೇ ಬಯಾಪ್ಸಿ. ಇನ್ನೊಂದು ಗುಂಪಿಗೆ ಮೊದಲು ಎಂಆರ್‌ಐ, ಅದರಲ್ಲಿ ಅನುಮಾನದ ಜಾಗ ಕಂಡರೆ ಮಾತ್ರ ಅಲ್ಲಿಗೇ ಸೂಜಿ. ಲೆಕ್ಕ ಹೀಗಿದೆ:

- ಅಪಾಯದ ಕ್ಯಾನ್ಸರ್ ಸಿಕ್ಕಿದ್ದು: ಎಂಆರ್‌ಐ ಗುಂಪಿನಲ್ಲಿ ಶೇ 38, ಹಳೇ ಪದ್ಧತಿಯಲ್ಲಿ ಶೇ 26
- ಅಪಾಯ ಇಲ್ಲದ ಸಣ್ಣ ಕ್ಯಾನ್ಸರ್ ಸಿಕ್ಕಿದ್ದು: ಎಂಆರ್‌ಐ ಗುಂಪಿನಲ್ಲಿ ಶೇ 9, ಹಳೇ ಪದ್ಧತಿಯಲ್ಲಿ ಶೇ 22
- ಸೂಜಿಯೇ ಬೇಡ ಅಂತ ಆಗಿದ್ದು: ಎಂಆರ್‌ಐ ಗುಂಪಿನಲ್ಲಿ ಶೇ 28

2019ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ ಸಂಸ್ಥೆ ನೈಸ್, ಪ್ರಾಸ್ಟೇಟ್ ಕ್ಯಾನ್ಸರ್ ಅನುಮಾನ ಇದ್ದರೆ ಮೊದಲು ಎಂಆರ್‌ಐ ಅಂತ ಸೂಚಿಸಿತು. ಬೇರೆ ದೇಶಗಳಲ್ಲೂ, ನಮ್ಮ ದೊಡ್ಡ ಊರುಗಳ ಆಸ್ಪತ್ರೆಗಳಲ್ಲೂ ಈಗ ಇದೇ ದಾರಿ ಹಿಡೀತಿದ್ದಾರೆ.

ಸಣ್ಣ ಕ್ಯಾನ್ಸರ್ ಸಿಗದೇ ಇದ್ದರೆ ಒಳ್ಳೇದಾ?

ಇಲ್ಲಿ ಜನಕ್ಕೆ ಗೊಂದಲ ಆಗೋದು ಸಹಜ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಎಲ್ಲವೂ ಒಂದೇ ಥರ ಅಲ್ಲ. ಕೆಲವು ಎಷ್ಟು ನಿಧಾನ ಅಂದರೆ ಮನುಷ್ಯ ಬೇರೆ ಕಾರಣಕ್ಕೆ ಸಾಯೋವರೆಗೂ ಇದರಿಂದ ಏನೂ ಆಗಲ್ಲ. ಗ್ಲೀಸನ್ ಸ್ಕೋರ್ 6 ಅಂತ ಬರೋದು ಈ ಸೌಮ್ಯ ಗುಂಪು. 7 ಮತ್ತು ಅದಕ್ಕಿಂತ ಮೇಲಿನದ್ದಕ್ಕೆ ಹೆಚ್ಚು ಗಮನ ಬೇಕು.

ಆದರೆ ಕ್ಯಾನ್ಸರ್ ಅನ್ನೋ ಪದ ಒಂದು ಸಲ ರಿಪೋರ್ಟ್‌ನಲ್ಲಿ ಬಂದಮೇಲೆ ಮನೆಯಲ್ಲಿ ಯಾರಿಗೂ ನಿದ್ದೆ ಬರಲ್ಲ. 'ತೆಗೆಸಿಬಿಡೋಣ ಅಪ್ಪ' ಅಂತ ಮಕ್ಕಳು ಹಟ ಹಿಡೀತಾರೆ. ಆಪರೇಷನ್ ಆದಮೇಲೆ ಕೆಲವರಿಗೆ ಮೂತ್ರ ತಡೆದುಕೊಳ್ಳೋಕೆ ಆಗಲ್ಲ, ಲೈಂಗಿಕ ಶಕ್ತಿ ಹೋಗುತ್ತೆ. ಇದನ್ನ ಯಾರ ಹತ್ತಿರವೂ ಹೇಳಿಕೊಳ್ಳೋಕೆ ಆಗದೆ ಒಳಗೇ ಕೊರಗೋರು ಗಂಡಸರೇ. ಬ್ರಿಟನ್‌ನ ಪ್ರೊಟೆಕ್ಟ್ ಅಧ್ಯಯನದಲ್ಲಿ, ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಇದ್ದ 1643 ಜನರನ್ನ 15 ವರ್ಷ ಗಮನಿಸಿದರು. ಆಪರೇಷನ್, ರೇಡಿಯೇಷನ್, ಬರೀ ನಿಗಾ, ಯಾವುದೇ ಗುಂಪಿನಲ್ಲಿದ್ದರೂ ಆ ಕ್ಯಾನ್ಸರ್‌ನಿಂದ ಸತ್ತವರು ಶೇ 3ರ ಆಸುಪಾಸು ಅಷ್ಟೇ. ಹಾಗಾಗಿ ಸೌಮ್ಯ ಬಗೆಯದ್ದು ಸಿಕ್ಕರೂ ಅವಸರ ಬೇಡ, ನಿಗಾದಲ್ಲಿ ಇರೋದೂ ಒಂದು ಚಿಕಿತ್ಸೆಯೇ ಅಂತ ವೈದ್ಯರು ಈಗ ಹೇಳ್ತಾರೆ.

ರಿಪೋರ್ಟ್‌ನಲ್ಲಿ 1ರಿಂದ 5

ಎಂಆರ್‌ಐ ರಿಪೋರ್ಟ್ ಕೊನೆಯಲ್ಲಿ ಪೈ-ರ‍್ಯಾಡ್ಸ್ ಅಂತ ಒಂದು ಅಂಕಿ ಇರುತ್ತೆ. 1 ಅಥವಾ 2 ಬಂದರೆ ಅಪಾಯದ ಕ್ಯಾನ್ಸರ್ ಇರೋ ಸಾಧ್ಯತೆ ಕಡಿಮೆ. 4 ಅಥವಾ 5 ಬಂದರೆ ಅನುಮಾನ ಜೋರು, ಬಯಾಪ್ಸಿ ಬೇಕು. 3 ಅಂದರೆ ಅತ್ತ ಇಲ್ಲ, ಇತ್ತ ಇಲ್ಲ.

3 ಬಂದಾಗ ವೈದ್ಯರು ಇನ್ನೊಂದು ಸಣ್ಣ ಲೆಕ್ಕ ನೋಡ್ತಾರೆ. ಪಿಎಸ್‌ಎ ಅಂಕಿಯನ್ನ ಗ್ರಂಥಿಯ ಗಾತ್ರದಿಂದ ಭಾಗಿಸೋದು. ಉದಾಹರಣೆಗೆ ಇಬ್ಬರು ಅಂಗಡಿಯವರು, ಇಬ್ಬರಿಗೂ ಪಿಎಸ್‌ಎ 7.2 ಅಂತಿಟ್ಟುಕೊಳ್ಳಿ. ಮೊದಲನೆಯವರ ಗ್ರಂಥಿ 60 ಮಿಲಿ ಇದೆ, ಭಾಗಿಸಿದರೆ 0.12. ಎರಡನೆಯವರದ್ದು 30 ಮಿಲಿ, ಭಾಗಿಸಿದರೆ 0.24. 0.15 ದಾಟಿದರೆ ಅನುಮಾನ ಹೆಚ್ಚು ಅನ್ನೋದು ರೂಢಿಯ ಲೆಕ್ಕ. ಮೊದಲನೆಯವರಿಗೆ ಗ್ರಂಥಿ ದೊಡ್ಡದಿರೋದಕ್ಕೇ ಅಂಕಿ ಏರಿರಬಹುದು. ಎರಡನೆಯವರಿಗೆ ಸೂಜಿ ಹಾಕಿ ನೋಡೋದು ಒಳ್ಳೇದು. ರಕ್ತದ ಅಂಕಿ ಒಂದೇ, ದಾರಿ ಬೇರೆ.

ಚಿತ್ರ ನೋಡಿ ಗುರಿ ಹಿಡಿಯೋದು ಹೇಗೆ?

ಇದರಲ್ಲಿ ಮೂರು ವಿಧಾನ ಇದೆ.

ಒಂದು: ವೈದ್ಯರು ಎಂಆರ್‌ಐ ಚಿತ್ರವನ್ನ ಮುಂಚೆ ನೋಡಿ ಜಾಗ ಮನಸ್ಸಿನಲ್ಲಿ ಇಟ್ಟುಕೊಂಡು, ಅಲ್ಟ್ರಾಸೌಂಡ್ ನೋಡ್ತಾ ಅಂದಾಜಿನಲ್ಲಿ ಆ ಜಾಗಕ್ಕೆ ಸೂಜಿ ಹಾಕೋದು. ಹೊಸ ಯಂತ್ರ ಬೇಡ, ಖರ್ಚು ಕಡಿಮೆ. ಆದರೆ ವೈದ್ಯರ ಅನುಭವದ ಮೇಲೆ ನಿಂತಿದೆ.

ಎರಡು: ಫ್ಯೂಷನ್ ಬಯಾಪ್ಸಿ. ಎಂಆರ್‌ಐ ಚಿತ್ರವನ್ನ ಕಂಪ್ಯೂಟರ್‌ಗೆ ಹಾಕಿ, ಅನುಮಾನದ ಜಾಗಕ್ಕೆ ಗೆರೆ ಎಳೆದು, ಅದನ್ನ ಅಲ್ಟ್ರಾಸೌಂಡ್ ಚಿತ್ರದ ಮೇಲೆ ಕೂರಿಸ್ತಾರೆ. ಸೂಜಿ ಎಲ್ಲಿದೆ, ಗಂಟು ಎಲ್ಲಿದೆ ಅಂತ ಪರದೆ ಮೇಲೆ ಒಟ್ಟಿಗೇ ಕಾಣುತ್ತೆ.

ಮೂರು: ರೋಗಿ ಎಂಆರ್‌ಐ ಯಂತ್ರದ ಒಳಗೆ ಇರುವಾಗಲೇ ಸೂಜಿ ಹಾಕೋದು. ಅಯಸ್ಕಾಂತ ಸೆಳೆಯದ ವಿಶೇಷ ಸೂಜಿ ಬೇಕು, ಸಮಯ ಜಾಸ್ತಿ, ಖರ್ಚೂ ಜಾಸ್ತಿ. ಕೆಲವೇ ಕಡೆ ಮಾಡ್ತಾರೆ.

ಅನುಮಾನದ ಜಾಗದಿಂದ ಮೂರು ನಾಲ್ಕು ತುಣುಕು ತೆಗೆದು, ಜೊತೆಗೆ ಮಾಮೂಲಿ ತುಣುಕುಗಳನ್ನೂ ತೆಗೆಯೋ ವೈದ್ಯರು ತುಂಬಾ ಜನ. ಎರಡೂ ಮಾಡಿದರೆ ತಪ್ಪಿಹೋಗೋದು ಇನ್ನೂ ಕಡಿಮೆ.

ಸೂಜಿ ಹೋಗೋ ದಾರಿಯೂ ಎರಡು. ಗುದನಾಳದ ಮೂಲಕ ಒಂದು. ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ ಇನ್ನೊಂದು. ಚರ್ಮದ ದಾರಿಯಲ್ಲಿ ಮಲದ ಕ್ರಿಮಿ ಒಳಗೆ ಹೋಗೋ ಭಯ ಕಡಿಮೆ ಅಂತ ಈಗ ಹಲವರು ಅದನ್ನೇ ಆರಿಸಿಕೊಳ್ತಾರೆ.

ಎಂಆರ್‌ಐ ಕೂಡ ತಪ್ಪುತ್ತೆ

ಪ್ರಾಮಿಸ್ ಅಧ್ಯಯನದಲ್ಲೇ ಎಂಆರ್‌ಐ 'ಅನುಮಾನ ಇದೆ' ಅಂದ ಎಷ್ಟೋ ಜನರಲ್ಲಿ ಅಪಾಯದ ಕ್ಯಾನ್ಸರ್ ಇರಲಿಲ್ಲ. 'ಏನೂ ಇಲ್ಲ' ಅಂದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಇತ್ತು. ಹಾಗಾಗಿ ಎಂಆರ್‌ಐ ಒಂದೇ ನೋಡಿ ಕ್ಯಾನ್ಸರ್ ಇದೆ ಅಂತಲೂ ಹೇಳೋಕೆ ಆಗಲ್ಲ, ಇಲ್ಲ ಅಂತ ಪಿಎಸ್‌ಎ ಪರೀಕ್ಷೆ ನಿಲ್ಲಿಸೋಕೂ ಆಗಲ್ಲ. ಖಚಿತ ಮಾಡೋದು ಸೂಜಿಯ ತುಣುಕು ಮಾತ್ರ. ಚಿತ್ರ ಓದೋ ರೇಡಿಯಾಲಜಿಸ್ಟ್‌ಗೆ ಪ್ರಾಸ್ಟೇಟ್‌ನಲ್ಲಿ ಎಷ್ಟು ಅನುಭವ ಇದೆ ಅನ್ನೋದೂ ಮುಖ್ಯ.

ಎಲ್ಲರಿಗೂ ಇದು ಬೇಕು ಅಂತಲೂ ಇಲ್ಲ. ಪಿಎಸ್‌ಎ ನೂರು ದಾಟಿದೆ, ಬೆರಳಿನಿಂದ ಮುಟ್ಟಿದರೇ ಗ್ರಂಥಿ ಕಲ್ಲಿನಂತೆ ಇದೆ, ಮೂಳೆ ನೋವೂ ಇದೆ ಅಂದಾಗ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕೋ ಪ್ರಶ್ನೆ ಇರಲ್ಲ. ಅಂಥವರು ಎಂಆರ್‌ಐ ಸಿಗಲಿಲ್ಲ ಅಂತ ಕಾಯಬಾರದು. ಮಾಮೂಲಿ ಬಯಾಪ್ಸಿಯಲ್ಲೇ ಗೊತ್ತಾಗುತ್ತೆ.

ಪೇಸ್‌ಮೇಕರ್ ಇದ್ದವರು, ಮೈಯಲ್ಲಿ ಲೋಹದ ತುಂಡು ಇರೋರು ಮೊದಲೇ ಹೇಳಬೇಕು. ಕಿಡ್ನಿ ತೊಂದರೆ ಇದ್ದರೆ ಬಣ್ಣದ ಔಷಧಿ ಕೊಡೋ ಮುಂಚೆ ಕ್ರಿಯಾಟಿನಿನ್ ನೋಡ್ತಾರೆ. 2025ರಲ್ಲಿ ಬಂದ ಪ್ರೈಮ್ ಅಧ್ಯಯನದ ಪ್ರಕಾರ, ಒಳ್ಳೇ ಗುಣಮಟ್ಟದ ಸ್ಕ್ಯಾನ್ ಆದರೆ ಬಣ್ಣದ ಔಷಧಿ ಇಲ್ಲದೆಯೂ ಅಷ್ಟೇ ಚೆನ್ನಾಗಿ ಅಪಾಯದ ಕ್ಯಾನ್ಸರ್ ಹಿಡಿಯಬಹುದು. ಸಮಯವೂ ಉಳಿಯುತ್ತೆ, ಖರ್ಚೂ ಉಳಿಯುತ್ತೆ.

ತಾಲ್ಲೂಕಿನವರು ಏನು ಮಾಡಬೇಕು?

ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಎಂಆರ್‌ಐ ಇರಲ್ಲ. ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಓಡಾಟ ತಪ್ಪಿದ್ದಲ್ಲ. ಒಂದು ದಿನ ಅಂಗಡಿ ಮುಚ್ಚಿ, ಬಸ್ಸು ಹಿಡಿದು ಹೋದಮೇಲೆ ಕೆಲಸ ಆಗಬೇಕು. ಅದಕ್ಕೆ ಇಷ್ಟು ನೆನಪಿರಲಿ.

- ಮೊದಲು ಎಂಆರ್‌ಐ, ಆಮೇಲೆ ಸೂಜಿ. ಬಯಾಪ್ಸಿ ಆದಮೇಲೆ ಗ್ರಂಥಿಯೊಳಗೆ ರಕ್ತ ಕಲೆ ಕಟ್ಟುತ್ತೆ, ಎಂಆರ್‌ಐ ಚಿತ್ರ ಕೆಡುತ್ತೆ. ಬಯಾಪ್ಸಿ ಆಗಿಹೋಗಿದ್ದರೆ ಸಾಮಾನ್ಯವಾಗಿ ಆರೆಂಟು ವಾರವಾದರೂ ಕಾಯಬೇಕಾಗುತ್ತೆ.
- ಚೀಟಿಯಲ್ಲಿ 'ಪ್ರಾಸ್ಟೇಟ್ ಎಂಆರ್‌ಐ' ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ಬರೀ ಹೊಟ್ಟೆ ಕೆಳಗಿನ ಸಾದಾ ಎಂಆರ್‌ಐ ಮಾಡಿಸಿ ದುಡ್ಡು ಕಳೆದುಕೊಂಡರೆ ಮತ್ತೆ ಮಾಡಿಸಬೇಕಾಗಬಹುದು.
- ಸ್ಕ್ಯಾನ್ ಸೆಂಟರ್‌ನಲ್ಲಿ ರಿಪೋರ್ಟ್ ಜೊತೆ ಸಿಡಿ ಕೇಳಿ ತಗೊಳ್ಳಿ. ಫ್ಯೂಷನ್ ಬಯಾಪ್ಸಿಗೆ ಸಿಡಿಯಲ್ಲಿರೋ ಚಿತ್ರವೇ ಬೇಕು, ಪ್ರಿಂಟ್ ಮಾಡಿದ ಫಿಲ್ಮ್ ಸಾಲದು.
- ಹಳೇ ಪಿಎಸ್‌ಎ ರಿಪೋರ್ಟ್‌ಗಳೆಲ್ಲ ಒಂದೇ ಫೈಲಿನಲ್ಲಿ ಇರಲಿ. ಅಂಕಿ ಎಷ್ಟು ಬೇಗ ಏರ್ತಿದೆ ಅನ್ನೋದೂ ಸುಳಿವು.
- ನುಂಗೋ ಮಾತ್ರೆಗಳ ಪಟ್ಟಿ ಒಯ್ಯಿರಿ. ಹೃದಯಕ್ಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಥರದ ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ ಕಡ್ಡಾಯವಾಗಿ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.
- ಹೊರಡೋ ಮುಂಚೆ ಫೋನ್ ಮಾಡಿ, ಎಂಆರ್‌ಐ ನೋಡಿ ಗುರಿಯಿಟ್ಟು ಬಯಾಪ್ಸಿ ಮಾಡ್ತಾರಾ ಅಂತ ವಿಚಾರಿಸಿ.

ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ ಕ್ಯಾನ್ಸರ್‌ಗೇ ಇರೋದು. ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ-ಯುರಾಲಜಿ ಸಂಸ್ಥೆ ಕಿಡ್ನಿ ಮತ್ತು ಮೂತ್ರರೋಗಕ್ಕೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶ ಇದೆ. ಸ್ಕ್ಯಾನ್ ಮತ್ತು ಬಯಾಪ್ಸಿ ಅದರಲ್ಲಿ ಬರುತ್ತಾ ಅಂತ ದುಡ್ಡು ಕಟ್ಟೋ ಮುಂಚೆ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಬಯಾಪ್ಸಿ ಆದಮೇಲೆ

ಕೆಲವು ದಿನ ಮೂತ್ರದಲ್ಲಿ ಸ್ವಲ್ಪ ರಕ್ತ ಬರಬಹುದು. ವೀರ್ಯದಲ್ಲಿ ಕೆಲವು ವಾರ ಕೆಂಪು ಅಥವಾ ಕಂದು ಬಣ್ಣ ಕಾಣಬಹುದು. ಇದಕ್ಕೆ ಗಾಬರಿ ಬೇಡ. ಆದರೆ ಚಳಿ ಜ್ವರ ಬಂದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ, ರಕ್ತ ಗಡ್ಡೆಗಟ್ಟಿ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಡೋಲೋ ನುಂಗಿ ಮಲಗೋ ಜ್ವರ ಅಲ್ಲ ಇದು. ರಕ್ತಕ್ಕೆ ಸೋಂಕು ಏರಿದರೆ ಜೀವಕ್ಕೇ ಅಪಾಯ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು.

ಸೂಜಿಯಿಂದ ಹರಡುತ್ತಾ?

ಕಟ್ಟೆ ಮೇಲಿನ ಮೂರನೆಯವರ ಮಾತಿಗೆ ಬರೋಣ. ಪ್ರಾಸ್ಟೇಟ್ ಬಯಾಪ್ಸಿಯ ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆದಿದ್ದು ಅತ್ಯಂತ ಅಪರೂಪ. ಜಗತ್ತಿನಾದ್ಯಂತ ಲಕ್ಷಾಂತರ ಜನರಿಗೆ ಪ್ರತಿ ವರ್ಷ ಈ ಬಯಾಪ್ಸಿ ಆಗ್ತಿದೆ. 'ಸೂಜಿ ಹಾಕಿದ ಮೇಲೆ ಜಾಸ್ತಿ ಆಯ್ತು' ಅಂತ ಕೇಳಿಬರೋ ಕಥೆಗಳಲ್ಲಿ ಬಹುಪಾಲು, ಸೂಜಿ ಹಾಕೋ ಹೊತ್ತಿಗೇ ಕಾಯಿಲೆ ಹರಡಿದ್ದವರದ್ದು. ತಡವಾಗಿ ಹೋದದ್ದರ ತಪ್ಪನ್ನ ಸೂಜಿ ಮೇಲೆ ಹಾಕೋದು ನಡೀತಾ ಬಂದಿದೆ.

ಪಿಎಸ್‌ಎ ಒಂದು ಸಲ ಜಾಸ್ತಿ ಬಂದರೆ ಅದು ಮರಣಪತ್ರ ಅಲ್ಲ, ಬೀರುವಿನಲ್ಲಿ ಇಟ್ಟು ಮರೆಯೋ ಕಾಗದವೂ ಅಲ್ಲ. ಮತ್ತೊಮ್ಮೆ ರಕ್ತಪರೀಕ್ಷೆ, ಯುರಾಲಜಿಸ್ಟ್ ಭೇಟಿ, ಬೇಕಿದ್ದರೆ ಎಂಆರ್‌ಐ, ಅದರಲ್ಲಿ ಅನುಮಾನ ಕಂಡರೆ ಆ ಜಾಗಕ್ಕೆ ಸೂಜಿ. ಈ ಕ್ರಮದಲ್ಲಿ ಹೋದರೆ ಕೆಲವರಿಗೆ ಸೂಜಿಯೇ ಬೇಕಾಗಲ್ಲ. ಬೇಕಾದವರಿಗೆ ಸರಿಯಾದ ಜಾಗದಿಂದ ತುಣುಕು ಸಿಗುತ್ತೆ. ರಾತ್ರಿ ನಾಲ್ಕು ಸಲ ಏಳೋ ಅಪ್ಪನೋ, ದೊಡ್ಡಪ್ಪನೋ, ಮಾವನೋ ಮನೆಯಲ್ಲಿದ್ದರೆ ಈ ವಾರವೇ ಒಂದು ಸಲ ಕೇಳಿನೋಡಿ. ಅವರಾಗಿಯೇ ಹೇಳೋದು ಕಡಿಮೆ.